ಭಾನುವಾರ ಗುಹೆಗೆ ಹೋಗೋಣ ಅಂದಿದ್ದೆ

ಮನೆ ತೋರಿಸಲು ಕರೆದುಕೊಂಡು ಹೋದ ರಂಗಿ ನನಗೆ ಮೊದಲು ತೋರಿಸಿದ್ದು ಅಡುಗೆಮನೆಯನ್ನಲ್ಲ, ಹಿತ್ತಲಿನ ಕುಳಿಯನ್ನು. ಬಟ್ಟೆ ಒಣಹಾಕುವ ತಂತಿಯಿಂದ ಇಪ್ಪತ್ತು ಹೆಜ್ಜೆ ಆಚೆ, ಸುತ್ತಲೂ ಮುಳ್ಳುತಂತಿ ಬಿಗಿದ ಒಂದು ಪೊದೆ ಇತ್ತು. ಅವನು ತಂತಿಯ ಮೇಲಿಂದ ಬಗ್ಗಿ ಪೊದೆಯ ನಡುವೆ ಒಂದು ಕಲ್ಲು ಎಸೆದ. ಸದ್ದೇ ಬರಲಿಲ್ಲ. ಯಾಕೆ ಎಂದು ನಾನು ಅವನ ಮುಖ ನೋಡುವಷ್ಟರಲ್ಲಿ ಎಲ್ಲೋ ಬಹಳ ಕೆಳಗಿನಿಂದ ಕಲ್ಲು ನೀರಿಗೆ ಬಿದ್ದದ್ದು ಕೇಳಿತು.

"ಇದು ತೊಮೊ. ನಮ್ಮ ಮಾವೊರಿ ಮಾತಿನಲ್ಲಿ ನೆಲ ತಾನಾಗಿ ಕುಸಿದು ಆದ ಕುಳಿಗೆ ಹಾಗಂತೀವಿ," ಎಂದ. "ಇಲ್ಲೆಲ್ಲ ಸುಣ್ಣದ ಕಲ್ಲು, ಕೆಳಗೆ ಟೊಳ್ಳು. ಎರಡು ಚಳಿಗಾಲದ ಹಿಂದೆ ನನ್ನ ಹಸು ಇದರಲ್ಲಿ ಬಿತ್ತು. ಒಂದು ಇಡೀ ದಿನ ಅದರ ಕೂಗು ಕೇಳ್ತಾ ಇತ್ತು."

"ಆಮೇಲೆ?"

"ಹಗ್ಗ ಕಟ್ಟಿಕೊಂಡು ಇಳಿದೆ. ಮುಂಗಾಲು ಎರಡೂ ಮುರಿದಿತ್ತು. ಗುಂಡು ಹೊಡೆದೆ." ಅದೇ ದನಿಯಲ್ಲಿ ಮುಂದುವರಿಸಿದ, "ಬಾ, ಬಿಸಿನೀರಿನ ಸ್ವಿಚ್ ಎಲ್ಲಿದೆ ತೋರಿಸ್ತೀನಿ."

ನಾನು ತಂತಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಿದ್ದೆ.

ಗುಹೆ ಅಂದರೆ ನನಗೆ ಹೊಸದೇನಲ್ಲ. ಹುಟ್ಟಿ ಬೆಳೆದದ್ದು ಬಾದಾಮಿಯಲ್ಲಿ. ಅಪ್ಪ ಗುಹೆಗಳ ಮೆಟ್ಟಿಲ ಬುಡದಲ್ಲಿ ಕ್ಯಾಮೆರಾ ಹಿಡಿದು ನಿಂತು, ಪ್ರವಾಸಿಗರ ಫೋಟೊ ತೆಗೆದು ಸಂಸಾರ ನಡೆಸಿದವರು. ರಜೆಯಲ್ಲಿ ಮಧ್ಯಾಹ್ನದ ಬುತ್ತಿ ಒಯ್ಯುವುದು ನನ್ನ ಕೆಲಸ. ಕೋತಿಗಳಿಂದ ಬುತ್ತಿ ಉಳಿಸಿಕೊಂಡು ಹೋಗಿ, ಅಪ್ಪ ಉಣ್ಣುವವರೆಗೆ ಮೊದಲನೆಯ ಗುಹೆಯ ಕಟ್ಟೆಯ ಮೇಲೆ ಕೂತು ನಟರಾಜನ ಹದಿನೆಂಟು ಕೈ ಎಣಿಸುತ್ತಿದ್ದೆ. ನಮ್ಮ ಗುಹೆಗಳು ಎತ್ತರದಲ್ಲಿವೆ, ಏರಿ ಹೋಗಬೇಕು. ಒಳಗೆ ಬಿಸಿಲು ಬರುತ್ತದೆ, ಗಾಳಿ ಆಡುತ್ತದೆ. ಕೆಂಪು ಕಲ್ಲನ್ನು ಉಳಿ ಹಿಡಿದು ಮನುಷ್ಯರು ಕಡೆದದ್ದು. ಇಲ್ಲಿಯ ಗುಹೆಗಳು ಕಾಲಡಿಯಲ್ಲಿವೆ. ನೀರು ಕೊರೆದದ್ದು. ಅದರ ಮೇಲೆ ಜನ ಮನೆ ಕಟ್ಟಿಕೊಂಡು, ಹಸು ಮೇಯಿಸಿಕೊಂಡು, ಬಟ್ಟೆ ಒಣಹಾಕಿಕೊಂಡು ಇರುತ್ತಾರೆ.

ನಾನು ಬಂದು ಸೇರಿದ ಊರು ತೆ ಕುಯಿತಿ. ನ್ಯೂಜಿಲೆಂಡಿನ ಉತ್ತರ ದ್ವೀಪದ ನಡುವೆ, ಗುಡ್ಡಗಳ ಸಂದಿನಲ್ಲಿ, ಮಧ್ಯೆ ರೈಲು ಹಳಿ ಹಾದುಹೋಗುವ ಸಣ್ಣ ಪೇಟೆ. ನಮ್ಮ ಕಡೆ ಊರ ಬಾಗಿಲಲ್ಲಿ ಚೆನ್ನಮ್ಮನೋ ಬಸವಣ್ಣನೋ ನಿಂತಿದ್ದರೆ ಇಲ್ಲಿ ಕುರಿಯ ಉಣ್ಣೆ ಕತ್ತರಿಸುವವನ ದೊಡ್ಡ ಪ್ರತಿಮೆ ಇದೆ. ಸಂಜೆ ಐದಕ್ಕೆ ಅಂಗಡಿಗಳು ಬಾಗಿಲು ಹಾಕುತ್ತವೆ. ಮೊದಲ ವಾರ 'ಡೈರಿ' ಎಂಬ ಬೋರ್ಡ್ ನೋಡಿ ಸ್ಟೀಲ್ ಡಬ್ಬಿ ಹಿಡಿದು ಹಾಲು ಹಾಕಿಸಿಕೊಳ್ಳಲು ಹೋಗಿದ್ದೆ. ಡೈರಿ ಅಂದರೆ ಇಲ್ಲಿ ಮೂಲೆಯಂಗಡಿ. ಚಾಕಲೇಟು, ಬ್ರೆಡ್ಡು, ಪೇಪರು ಮಾರುತ್ತಾರೆ. ಅಂಗಡಿಯಾಕೆ ನನ್ನ ಡಬ್ಬಿಯನ್ನು ನೋಡಿದಳು, ನಾನು ಅವಳ ಮುಖವನ್ನು ನೋಡಿದೆ. ಕೊನೆಗೆ ಒಂದು ಬಾಳೆಹಣ್ಣು ಕೊಂಡು ಬಂದೆ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ನರ್ಸ್ ಆಗಿದ್ದವಳು ನಾನು. ಇಲ್ಲಿ ಅದರ ನೋಂದಣಿ ಆಗುವತನಕ ಒಂದು ರೆಸ್ಟ್ ಹೋಮ್‌ನಲ್ಲಿ, ಅಂದರೆ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿ, ಆರೈಕೆಯ ಕೆಲಸ. ಆ ಕೆಲಸದ ಮೇಲೆಯೇ ನನ್ನ ವೀಸಾ. ನನ್ನ ವೀಸಾದ ಮೇಲೆ ಹುಬ್ಬಳ್ಳಿಯಲ್ಲಿ ಕಾಯುತ್ತಿದ್ದ ನನ್ನ ಗಂಡನದು, ಮಗಳು ಅನುವಿನದು. ದಿನಾ ಫೋನಿನಲ್ಲಿ ಅವಳ ಪ್ರಶ್ನೆ ಒಂದೇ. "ಅವ್ವಾ, ನಮ್ಮ ಪೇಪರ್ ಬಂತೇನ?"

ಪೇಟೆಯಲ್ಲಿ ಮನೆ ಸಿಗದೆ ಏಳೆಂಟು ಕಿಲೊಮೀಟರ್ ಆಚೆ ರಂಗಿಯ ಹೊಲದ ಹಳೆಯ ಮನೆ ಹಿಡಿದೆವು. ನಾವು ಅಂದರೆ ನಾನು ಮತ್ತು ಲವೀನಾ. ಲವೀನಾ ಮಂಗಳೂರಿನ ಕಡೆಯವಳು, ನಾಲ್ಕು ವರ್ಷದಿಂದ ಇಲ್ಲಿದ್ದಾಳೆ, ಅದೇ ರೆಸ್ಟ್ ಹೋಮ್‌ನಲ್ಲಿ ನರ್ಸ್. ಮನೆ ಹಂಚಿಕೊಳ್ಳುವವರನ್ನು ಇಲ್ಲಿ ಫ್ಲ್ಯಾಟ್‌ಮೇಟ್ ಅನ್ನುತ್ತಾರೆ. ಅವಳು ನನಗೆ ಅದಕ್ಕಿಂತ ಹೆಚ್ಚು. ಇನ್ನು ರಂಗಿ ಅಂದರೆ ಹೆಂಗಸಲ್ಲ. ಆರಡಿ ಮೀರಿದ ಎತ್ತರ, ಬಾಗಿಲು ತುಂಬುವ ಹೆಗಲು. ಇಲ್ಲಿಯ ಮೂಲನಿವಾಸಿಗಳಾದ ಮಾವೊರಿಗಳ ಭಾಷೆಯಲ್ಲಿ ಆ ಹೆಸರಿಗೆ ಆಕಾಶ ಎಂದು ಅರ್ಥವಂತೆ. ಫೋನಿನಲ್ಲಿ ಹೆಸರು ಕೇಳಿ ಯಾರೋ ಅಜ್ಜಿ ಮನೆ ತೋರಿಸಲು ಬರುತ್ತಾಳೆಂದು ಕಾದಿದ್ದ ನನಗೆ ಅದೂ ಒಂದು ಆಘಾತವೇ.

ಆ ಹೊಲದ ಮನೆಯಲ್ಲಿ ಹುಟ್ಟಿದವರು ಆರ್ಥರ್, ಆಗ ನಮ್ಮ ರೆಸ್ಟ್ ಹೋಮ್‌ನಲ್ಲಿದ್ದರು. ಎಂಬತ್ತೆಂಟು ವರ್ಷ. ಅಜ್ಜನ ಕಾಲದಿಂದ ಅವರ ಮನೆತನದ್ದಾಗಿದ್ದ ಹೊಲವನ್ನು ಹೆಂಡತಿ ತೀರಿದ ಮೇಲೆ ರಂಗಿಗೆ ಮಾರಿದ್ದರು. ಅದಕ್ಕೂ ಹಿಂದೆ ಆ ನೆಲ ರಂಗಿಯ ಹಿರಿಯರದೇ. "ನಮ್ಮದನ್ನೇ ನಾವು ಕೊಂಡುಕೊಂಡೆವು," ಎಂದು ಅವನು ಒಮ್ಮೆ ನಗದೆ ಹೇಳಿದ್ದ. ಆದರೂ ಆರ್ಥರ್ ಮೇಲೆ ಅವನಿಗೆ ಅಕ್ಕರೆ. ಕೊರೊ ಎಂದು ಕರೆಯುತ್ತಿದ್ದ, ಅಂದರೆ ಅಜ್ಜ. ರೆಸ್ಟ್ ಹೋಮ್‌ನಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯಬೇಕು. ಮ್ಯಾನೇಜರಳನ್ನೂ ಜೂಲಿ ಎನ್ನಬೇಕು. ಎಂಬತ್ತೆಂಟರ ಹಿರಿಯರನ್ನು 'ಆರ್ಥರ್, ಗುಳಿಗೆ ತಗೋ' ಎನ್ನಲು ನನ್ನ ನಾಲಿಗೆ ಏಳಲಿಲ್ಲ. ನಾನು ಅಜ್ಜಾರ ಎಂದೆ. ಅವರು ಒಂದೇ ವಾರದಲ್ಲಿ ಆ ಹೆಸರಿಗೆ ತಿರುಗಿ ನೋಡಲು ಕಲಿತರು.

ಈಗಿನ ಮಾತು ಅವರ ತಲೆಯಲ್ಲಿ ಐದು ನಿಮಿಷ ನಿಲ್ಲುತ್ತಿರಲಿಲ್ಲ. ಊಟ ಮಾಡಿ ಬಾಯಿ ಒರೆಸಿಕೊಂಡು, ಊಟ ಯಾವಾಗ ಎಂದು ಕೇಳುವರು. ಆದರೆ ನಾನು ಅವರ ಮನೆಯಲ್ಲೇ ಇದ್ದೇನೆಂದು ತಿಳಿದ ದಿನದಿಂದ ನನ್ನನ್ನು ಕಂಡರೆ ಒಂದೇ ವಿಚಾರ. ಹಳ್ಳದ ಕಡೆಯ ಗೇಟ್ ಹಾಕಿದ್ದೀಯಾ? ತೊಮೊದ ತಂತಿ ಗಟ್ಟಿಯಾಗಿದೆಯಾ? ಆ ಕುಳಿಯ ಕೆಳಗಿನ ಗುಹೆಗೆ ಹಳ್ಳದ ಬದಿಯಿಂದ ನಡೆದು ಹೋಗುವ ದಾರಿ ಇದೆಯಂತೆ. ಹದಿನಾರನೇ ವಯಸ್ಸಿನಲ್ಲಿ ಅದನ್ನು ಅವರೇ ಹುಡುಕಿದ್ದು. ಮದುವೆಗೆ ಮುಂಚೆ ಹೆಂಡತಿ ಮಾರ್ಗರೆಟ್‌ಳನ್ನು ಅಲ್ಲಿಗೇ ಕರೆದುಕೊಂಡು ಹೋಗಿದ್ದು. "ಮಣ್ಣಿನ ದಿಬ್ಬದ ಮೇಲೆ ಕೂತು ದೀಪ ಆರಿಸಬೇಕು," ಎನ್ನುತ್ತಿದ್ದರು. "ನೂರು ಎಣಿಸಬೇಕು. ಆಮೇಲೆ ತಲೆ ಎತ್ತಬೇಕು." ಛಾವಣಿಗೆ ಅಂಟಿಕೊಂಡಿರುವ ಬೆಳಕಿನ ಹುಳುಗಳು. ಮಾವೊರಿಯಲ್ಲಿ ಅವಕ್ಕೆ ಟಿಟಿವಾಯ್ ಎಂದು ಹೆಸರು.

ನಾನು ಅವರಿಗೆ ಬಾದಾಮಿಯ ಫೋಟೊ ತೋರಿಸಿದೆ. ಅಜ್ಜಾರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇದನ್ನೆಲ್ಲ ಕೆತ್ತಿದ್ದಾರಾ?"

"ಹೌದು ಅಜ್ಜಾರ."

"ಯಾಕೆ? ಗುಹೆ ಸುಮ್ಮನೆ ಇದ್ದರೆ ಇವರಿಗೇನಾಗುತ್ತಿತ್ತು?"

ಈ ದೇಶಕ್ಕೆ ಬಂದು ಎರಡು ತಿಂಗಳಲ್ಲಿ ನಾನು ಬಾಯಿ ತುಂಬ ನಕ್ಕದ್ದು ಅದೇ ಮೊದಲು. ಆಮೇಲೆ ಬಿಡುವಿದ್ದಾಗಲೆಲ್ಲ ಅವರ ಬಳಿ ಹೋಗಿ ಕೂರತೊಡಗಿದೆ. ಆ ಗುಹೆಯ ದಾರಿಯನ್ನು ನಾನೇ ಕೇಳಿ ಕೇಳಿ ಹೇಳಿಸಿದೆ. ಅವರಿಗೆ ಸಮಾಧಾನವಾಗಲಿ ಎಂದು ಮಾತ್ರ ಅಲ್ಲ. ಯಾರಾದರೂ ನನ್ನೊಂದಿಗೆ ಮಾತಾಡಲಿ ಎಂದು.

ಒಂದು ಗುರುವಾರ ಅವರು ನನ್ನ ಕೈ ಹಿಡಿದು, "ನಿನಗೆ ತೋರಿಸ್ತೀನಿ. ಯಾವಾಗ ಹೋಗೋಣ?" ಎಂದರು.

"ಭಾನುವಾರ ಹೋಗೋಣ."

"ಎಷ್ಟು ಗಂಟೆಗೆ?"

"ಹತ್ತು ಗಂಟೆಗೆ," ಎಂದೆ, ಹೊದಿಕೆ ಸರಿಮಾಡುತ್ತ.

ನಮ್ಮ ಕಡೆ ಹಿರಿಯರಿಗೆ ಹೀಗೆ ಹೇಳುವುದು ಸುಳ್ಳು ಅನ್ನಿಸುವುದಿಲ್ಲ. ನಾಳೆ ಹೋಗೋಣ, ಹಬ್ಬಕ್ಕೆ ಬರ್ತೀನಿ, ಮುಂದಿನ ವಾರ ಮಾಡ್ಸೋಣ. ಹೇಳುವವರಿಗೂ ಕೇಳುವವರಿಗೂ ಅದು ದಿನದ ಲೆಕ್ಕವಲ್ಲ, ಒಂದು ಬಗೆಯ ನೇವರಿಕೆ. ಇಲ್ಲಿ ಜನ ಹಾಗೆ ಮಾತಾಡುವುದಿಲ್ಲ ಎಂದು ನನಗೆ ಗೊತ್ತಾಗಿತ್ತು. ಒಮ್ಮೆ ಪಕ್ಕದ ಹೊಲದ ಹೆಂಗಸಿಗೆ "ಯಾವಾಗಲಾದರೂ ಊಟಕ್ಕೆ ಬನ್ನಿ" ಅಂದಾಗ ಆಕೆ ತಕ್ಷಣ ದಿನಚರಿ ಪುಸ್ತಕ ತೆಗೆದು ತಾರೀಖು ಕೇಳಿದ್ದಳು. ಆದರೂ ಅಜ್ಜನ ವಿಷಯದಲ್ಲಿ ನಾನು ಅದನ್ನು ಯೋಚಿಸಲೇ ಇಲ್ಲ. ಐದು ನಿಮಿಷದಲ್ಲಿ ಮರೆಯುವವರು, ಭಾನುವಾರವನ್ನು ಎಲ್ಲಿ ನೆನಪಿಟ್ಟಾರು?

ಭಾನುವಾರ ನನಗೆ ರಜೆ. ಲವೀನಾ ಡ್ಯೂಟಿಗೆ ಹೋಗಿದ್ದಳು. ಹಿಂದಿನ ವಾರ ಅವಳು ಆಕ್ಲೆಂಡಿಗೆ ಹೋದಾಗ ಅಲ್ಲಿಯ ಸ್ಯಾಂಡ್ರಿಂಗಮ್ ಬಡಾವಣೆಯ ಭಾರತೀಯ ಅಂಗಡಿಯಿಂದ ಜೋಳದ ಹಿಟ್ಟು ತಂದುಕೊಟ್ಟಿದ್ದಳು. ಅಡುಗೆಮನೆಯ ಕಟ್ಟೆಯ ಮೇಲೆ ರೊಟ್ಟಿ ಬಡಿಯುತ್ತಿದ್ದೆ. ಮೊದಲ ಮೂರು ಹರಿದವು, ನಾಲ್ಕನೆಯದು ಉಬ್ಬಿತು. ವಿದ್ಯುತ್ ಒಲೆಯ ಮೇಲೆ ಉಬ್ಬಿದ ಮೊದಲ ರೊಟ್ಟಿ. ಖುಷಿಯಿಂದ ಫೋಟೊ ತೆಗೆದೆ. ನಡುವೆ ರಸ್ತೆಯ ಕಡೆ ರಂಗಿಯ ನಾಯಿ ಬೊಗಳಿದ್ದು ಕೇಳಿತ್ತು. ಹೊರಗೆ ಚಳಿ, ಸಣ್ಣಗೆ ಮಳೆ. ನಾನು ಕಿಟಕಿಯತ್ತ ಕೂಡ ಹೋಗಲಿಲ್ಲ.

ಹನ್ನೊಂದು ಗಂಟೆ ದಾಟಿದ ಮೇಲೆ ಲವೀನಾಳ ಫೋನ್ ಬಂತು.

"ಶೋಭಾ, ಆರ್ಥರ್ ಇಲ್ಲ ಮಾರಾಯ್ತಿ! ಪ್ರಾರ್ಥನೆಗೆ ಬಂದವರು ವಾಪಸ್ ಹೋಗುವಾಗ ಅವರ ಒಟ್ಟಿಗೇ ಹೊರಗೆ ಹೋಗಿದ್ದಾರೆ. ಕೋಟು, ಹ್ಯಾಟು, ಗಂಬೂಟು, ಎಲ್ಲ ಹಾಕಿಕೊಂಡಿದ್ರಂತೆ. ನೋಡಿದವರು ಯಾರೋ ವಿಸಿಟರ್ ಅಂತ ಗ್ರಹಿಸಿದ್ದು. ಪೊಲೀಸ್‌ಗೆ ಹೇಳಿ ಆಯ್ತು, ಪೇಟೆ ಇಡೀ ಹುಡುಕ್ತಾ ಇದ್ದಾರೆ. ನಿನ್ನ ಹತ್ರ ಎಂತಾದ್ರೂ ಹೇಳಿದ್ರಾ?"

"ಇಲ್ಲ," ಎಂದೆ.

ಯೋಚಿಸಿ ಹೇಳಿದ್ದಲ್ಲ. ಆದರೆ ತಿಳಿಯದೆ ಹೇಳಿದ್ದೂ ಅಲ್ಲ. ಗಂಬೂಟು ಎಂಬ ಶಬ್ದ ಕಿವಿಗೆ ಬಿದ್ದ ಕ್ಷಣವೇ ಅವರು ಎಲ್ಲಿಗೆ ಹೋಗಿದ್ದಾರೆಂದು ನನಗೆ ಗೊತ್ತಾಗಿತ್ತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಕರೆದದ್ದು ನಾನು ಎಂದು ತಿಳಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ವೀಸಾ ಹೋಗುತ್ತದೆ. ಅನು ಕೇಳುತ್ತಾಳೆ, ಪೇಪರ್ ಬಂತೇನ.

ಒಲೆಯ ಮೇಲಿದ್ದ ರೊಟ್ಟಿ ಕಪ್ಪಾಗುವವರೆಗೆ ಕೂತಿದ್ದೆ. ಅವರನ್ನು ಪೇಟೆಯಲ್ಲೇ ಯಾರಾದರೂ ಹಿಡಿದಿರುತ್ತಾರೆ ಎಂದುಕೊಂಡೆ. ಎಂಬತ್ತೆಂಟರ ಕಾಲಿಗೆ ಇಷ್ಟು ದೂರ ಬರಲಾಗದು ಎಂದುಕೊಂಡೆ. ನಾನೇ ಒಬ್ಬಳೇ ಹಳ್ಳದ ತನಕ ಹೋಗಿ ನೋಡಿ ಬಂದುಬಿಡಲೇ ಎಂದು ಎದ್ದೆ. ಗುಹೆಯ ಬಾಯಿ ನೆನೆದು ಮತ್ತೆ ಕೂತೆ. ಕೊನೆಗೆ ಹುಬ್ಬಳ್ಳಿಗೆ ಫೋನ್ ಮಾಡಿದೆ. ಅಲ್ಲಿ ಇನ್ನೂ ಬೆಳಗಾಗಿರಲಿಲ್ಲ.

ನನ್ನ ಗಂಡ ನಿದ್ದೆಗಣ್ಣಲ್ಲೇ ಎಲ್ಲ ಕೇಳಿಸಿಕೊಂಡರು. "ಯಾರಿಗೂ ಏನೂ ಹೇಳಬ್ಯಾಡ. ಸುಮ್ನ ಇರು," ಎಂದರು. ಆಮೇಲೆ, "ಅಲ್ಲಿ ಮಳಿ ಐತೇನ?" ಎಂದು ಕೇಳಿದರು.

"ಹೂಂ ರೀ. ಜೋರ ಆಗೇತಿ."

"ಹಂಗಾರ ಹೋಗು. ಈಗ ಹೋಗು ಶೋಭಾ."

ಗಡಿಯಾರ ನೋಡಿದೆ. ಲವೀನಾ ಫೋನ್ ಮಾಡಿ ನಲವತ್ತು ನಿಮಿಷ ಆಗಿತ್ತು.

ರಂಗಿ ಕೊಟ್ಟಿಗೆಯಲ್ಲಿದ್ದ. ಓಡಿ ಹೋಗಿ, ಅಜ್ಜಾರು ಗುಹೆಗೆ ಹೋಗಿರಬೇಕು ಎಂದಷ್ಟೇ ಹೇಳಿದಾಗ ಅವನು ಏನೂ ಕೇಳಲಿಲ್ಲ. ಗೋಡೆಗೆ ತೂಗುಹಾಕಿದ್ದ ಹಗ್ಗ, ಹಣೆಗೆ ಕಟ್ಟುವ ಎರಡು ದೀಪ, ಒಂದು ಉಣ್ಣೆಯ ಕಂಬಳಿ ತೆಗೆದುಕೊಂಡ. ಪೊಲೀಸರಿಗೆ ಫೋನ್ ಮಾಡಿ ಜಾಗ ಹೇಳಿದ. ನನ್ನತ್ತ ತಿರುಗಿ, "ನೀನು ಇಲ್ಲೇ ಇರು," ಎಂದ.

"ನಾನೂ ಬರ್ತೀನಿ. ನನ್ನ ದನಿ ಅವರಿಗೆ ಗೊತ್ತು."

ಹಳ್ಳದ ಕಡೆಯ ಗೇಟ್ ತೆರೆದಿತ್ತು. ಕೆಸರಿನಲ್ಲಿ ಬೂಟಿನ ಗುರುತು, ಪಕ್ಕದಲ್ಲಿ ಊರುಗೋಲಿನ ತೂತು. ರಂಗಿ ಬಗ್ಗಿ ನೋಡಿ ಮಾವೊರಿಯಲ್ಲಿ ಏನೋ ಅಂದ. ಬೆಳ್ಳಗಿನ ಬಂಡೆಯ ಬುಡದಲ್ಲಿ ಹಳ್ಳ ಒಳಗೆ ನುಗ್ಗುವ ಜಾಗವೇ ಬಾಗಿಲು. ತಲೆ ತಗ್ಗಿಸಿ ನೀರಿಗಿಳಿದೆವು. ನೀರು ಮೊಳಕಾಲಿನವರೆಗೆ. ಆ ಥಂಡಿ ಮೈಗಲ್ಲ, ನೇರ ಎಲುಬಿಗೆ ತಾಗಿತು. ಹತ್ತು ಹೆಜ್ಜೆಗೆ ಹಗಲು ಹಿಂದೆ ಉಳಿಯಿತು.

ಉಳಿ ತಾಗದ ಕಲ್ಲನ್ನು ನಾನು ಅಲ್ಲಿಯವರೆಗೆ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಗೋಡೆ ಒದ್ದೆ ಚರ್ಮದಂತೆ ಮಡಿಕೆಮಡಿಕೆಯಾಗಿತ್ತು. ಎಲ್ಲೂ ಒಂದು ಮುಖವಿಲ್ಲ, ಕೈಯಿಲ್ಲ, ಮೆಟ್ಟಿಲಿಲ್ಲ. "ಅಜ್ಜಾರ!" ಎಂದು ಕೂಗಿದೆ. ನನ್ನ ದನಿ ಹಳ್ಳದ ಸದ್ದಿನಲ್ಲಿ ಕರಗಿಹೋಯಿತು.

ತಿರುವು ದಾಟಿದ ಮೇಲೆ ಮುಂದೆ ಮಂಕು ಬೆಳಕು ಕಂಡಿತು. ಮೇಲಿನಿಂದ ಮಳೆ ಒಂದೇ ಕಂಬವಾಗಿ ಸುರಿಯುತ್ತಿತ್ತು. ಅದರ ಬುಡದಲ್ಲಿ ಎಲುಬಿನ ರಾಶಿ. ಪಕ್ಕೆಲುಬುಗಳು, ಕೊಂಬಿನ ತಲೆಬುರುಡೆ. ತಲೆ ಎತ್ತಿದೆ. ಬಹಳ ಎತ್ತರದಲ್ಲಿ ತಟ್ಟೆಯಷ್ಟು ಆಕಾಶ, ಅದರ ಅಂಚಿಗೆ ಪೊದೆ. ನಾನು ನನ್ನ ಹಿತ್ತಲಿನ ಕೆಳಗೆ ನಿಂತಿದ್ದೆ. ಮೂರು ತಿಂಗಳಿಂದ ಇದರ ಮೇಲೆ ಬಟ್ಟೆ ಹಿಂಡಿ ಒಣಹಾಕಿದ್ದೆ, ಮಗಳ ಜೊತೆ ಫೋನಿನಲ್ಲಿ ನಕ್ಕಿದ್ದೆ. ಗೋಡೆ ಹಿಡಿದುಕೊಂಡೆ.

"ಅದನ್ನು ನೋಡಬೇಡ," ಎಂದ ರಂಗಿ. "ನೀರು ನೋಡು. ಏರ್ತಾ ಇದೆ."

ನೀರು ತೊಡೆಗೆ ಬಂದಿತ್ತು.

ಇನ್ನೊಂದು ತಿರುವಿನಾಚೆ ಜಾಗ ಅಗಲವಾಯಿತು. ರಂಗಿಯ ದೀಪ ಮೊದಲು ಊರುಗೋಲನ್ನು ಮುಟ್ಟಿತು, ಆಮೇಲೆ ಹ್ಯಾಟನ್ನು. ಮಣ್ಣಿನ ದಿಬ್ಬದ ಮೇಲೆ, ಗೋಡೆಗೆ ಬೆನ್ನು ಕೊಟ್ಟು, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಆರ್ಥರ್ ಅಜ್ಜ ಕೂತಿದ್ದರು. ತುಟಿ ನೀಲಿಯಾಗಿತ್ತು. ಹಲ್ಲು ಕಟಕಟ ಅನ್ನುತ್ತಿದ್ದವು. ಬೆಳಕಿಗೆ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು.

"ತಡ ಮಾಡಿದೆ," ಎಂದರು. "ಹತ್ತು ಗಂಟೆ ಅಂದಿದ್ದೆ ನೀನು. ಗೇಟಿನ ಹತ್ತಿರ ಕಾದೆ."

ಅಷ್ಟು ವರ್ಷ ಆಸ್ಪತ್ರೆಯಲ್ಲಿ ಏನೇನೋ ನೋಡಿದ್ದೇನೆ. ಆ ಮಾತು ಹೊಡೆದಂತೆ ಯಾವುದೂ ನನ್ನನ್ನು ಹೊಡೆದಿಲ್ಲ. ತಿಂದ ಊಟ ಮರೆಯುವ ಮನುಷ್ಯ ನಾನು ಹೇಳಿದ ದಿನವನ್ನೂ ಗಂಟೆಯನ್ನೂ ಮೂರು ದಿನ ಜೋಪಾನ ಮಾಡಿಕೊಂಡಿದ್ದರು. ರಂಗಿ ನನ್ನತ್ತ ತಿರುಗಿದ. ಅವನ ಹಣೆಯ ದೀಪ ನೇರ ನನ್ನ ಮುಖದ ಮೇಲೆ ಬಿತ್ತು. ಅವನ ಮುಖ ನನಗೆ ಕಾಣಲಿಲ್ಲ.

ನಾಡಿ ಹಿಡಿದೆ. ನಿಧಾನವಾಗಿತ್ತು. ಕೋಟು ಬಿಚ್ಚಿ ಕಂಬಳಿ ಸುತ್ತಿದೆ. "ಏಳಿ ಅಜ್ಜಾರ, ಹೋಗೋಣ," ಎಂದರೆ ಕೋಲು ನೆಲಕ್ಕೆ ಊರಿ ಗಟ್ಟಿಯಾಗಿ ಕೂತರು.

"ದೀಪ ಆರಿಸು. ಇನ್ನೂ ನೋಡಿಲ್ಲ ನೀನು."

"ಕೊರೊ, ನೀರು ಏರ್ತಿದೆ," ಎಂದ ರಂಗಿ.

"ದೀಪ ಆರಿಸದೆ ನಾನು ಏಳಲ್ಲ."

ರಂಗಿ ಒಂದು ಸಲ ನೀರನ್ನು ನೋಡಿದ. ಆಮೇಲೆ ದೀಪ ಆರಿಸಿದ. ನಾನೂ ಆರಿಸಿದೆ. ಕಣ್ಣು ತೆರೆದಿದೆಯೋ ಮುಚ್ಚಿದೆಯೋ ತಿಳಿಯದಂಥ ಕತ್ತಲು. ಅಜ್ಜಾರು ಎಣಿಸತೊಡಗಿದರು. ಇಪ್ಪತ್ತು ದಾಟುವಷ್ಟರಲ್ಲಿ ತಲೆಯ ಮೇಲೆ ಒಂದು ಹಸಿರು ಚುಕ್ಕೆ ಕಂಡಿತು. ಆಮೇಲೆ ಹತ್ತು, ನೂರು, ಎಣಿಸಲಾಗದಷ್ಟು. ಕೆಳಗೆ ಓಡುವ ನೀರಿನಲ್ಲೂ ಅವೇ ನಡುಗುತ್ತಿದ್ದವು. ನಾನು ಅಳುತ್ತಿದ್ದೆ. ಚೆಲುವಿಗೆ ಅತ್ತೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕತ್ತಲಲ್ಲಿ ಯಾರಿಗೂ ಕಾಣದು ಎಂದು ಅತ್ತೆ.

"ಹಸಿವು," ಎಂದರು ಅಜ್ಜಾರು, ಪಾಠ ಹೇಳುವವರಂತೆ. "ಹಸಿದಷ್ಟೂ ಹೆಚ್ಚು ಹೊಳೀತಾವೆ. ಬೆಳಕು ನೋಡಿ ಬಂದ ನೊಣ ಹಿಡಿದು ತಿಂತಾವೆ." ಅಷ್ಟು ಹೇಳಿ ಕೈ ಚಾಚಿದರು. "ಸಾಕು. ಈಗ ಎತ್ತು."

ರಂಗಿ ಅವರನ್ನು ಬೆನ್ನ ಮೇಲೆ ಹಾಕಿಕೊಂಡ. ನಾನು ಹಿಂದಿನಿಂದ ಆನಿಸಿ ಹಿಡಿದೆ. ನೀರು ಸೊಂಟದವರೆಗೆ ಬಂದಿತ್ತು. ಎರಡು ಕಡೆ ಕಾಲು ಜಾರಿ ಮುಳುಗಿದೆ. ಹೊರಬಂದಾಗ ಹಳ್ಳದ ದಂಡೆಯಲ್ಲಿ ಪೊಲೀಸರೂ ಆಂಬುಲೆನ್ಸಿನವರೂ ಇದ್ದರು. ಅಜ್ಜನನ್ನು ಗೇಟಿನವರೆಗೆ ಬಿಟ್ಟಿದ್ದ ಒಬ್ಬ ಯುವಕನೂ ಇದ್ದ. ಹಿಂದೆ ತೆರೆದ ಪಿಕಪ್ಪಿಗೆ ಇಲ್ಲಿ ಯೂಟ್ ಅನ್ನುತ್ತಾರೆ. ಅದರಲ್ಲಿ ಕೂರಿಸಿಕೊಂಡು ಬಂದನಂತೆ. "ಮನೆಗೆ ಹೋಗ್ಬೇಕು ಅಂದ್ರು. ಅವರ ಮನೆ ಇದೇ ಅಂತ ಎಲ್ಲರಿಗೂ ಗೊತ್ತಲ್ಲ," ಎಂದು ಬಿಳಿಚಿಕೊಂಡು ನಿಂತಿದ್ದ.

ಆ ಸಂಜೆ ಲವೀನಾಗೆ ಎಲ್ಲ ಹೇಳಿದೆ. ಅವಳು ಕುರ್ಚಿಯಲ್ಲಿ ಕುಸಿದಳು.

"ನಾನು ಕೇಳಿದಾಗ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತ."

ಆದರೂ ಅವಳು ನನ್ನ ಪರವಾಗಿಯೇ ಮಾತಾಡಿದಳು. "ನೋಡು, ಹೇಳ್ಬೇಡ. ಹುಡುಕಿ ತಂದದ್ದೂ ನೀನೇ ಅಲ್ವಾ? ರಂಗಿ ಹೇಳುವ ಜನ ಅಲ್ಲ. ಆರ್ಥರ್‌ಗೆ ನೆನಪಿರುದಿಲ್ಲ. ನಿನ್ನ ಗಂಡ, ಮಗು, ಅವರದ್ದು ಯೋಚನೆ ಮಾಡು ಮಾರಾಯ್ತಿ."

"ಅವ್ರ ಯೋಚನಿ ಮಾಡೇ ನಲವತ್ತು ಮಿನಿಟ ಕುಂತೆ ಲವೀನಾ."

ಸೋಮವಾರ ಜೂಲಿಯ ಕೋಣೆಗೆ ಹೋಗಿ ಹೇಳಿದೆ. ಭಾನುವಾರ ಎಂದು ಹೇಳಿದ್ದು, ಲವೀನಾ ಕೇಳಿದಾಗ ಇಲ್ಲ ಅಂದದ್ದು, ಆಮೇಲಿನ ನಲವತ್ತು ನಿಮಿಷ. ಹುಬ್ಬಳ್ಳಿಯಲ್ಲಾಗಿದ್ದರೆ ಮೇಟ್ರನ್ ಬಾಯಿಗೆ ಬಂದಂತೆ ಬೈದು, ವಾರ್ಡಿನ ಎದುರಿಗೆ ಮಾನ ತೆಗೆದು, ಸಂಜೆ ತಾನೇ ಚಹಾ ಕೊಟ್ಟು ಕಣ್ಣು ಒರೆಸುತ್ತಿದ್ದರು. ಬೈಗುಳಕ್ಕೆ ನಾನು ಸಿದ್ಧಳಾಗಿ ಹೋಗಿದ್ದೆ. ಜೂಲಿ ದನಿ ಏರಿಸಲೇ ಇಲ್ಲ. ನೀರಿನ ಲೋಟ ಮುಂದಿಟ್ಟಳು. "ಮಾತು ಕೊಟ್ಟದ್ದು ತಪ್ಪು ತಿಳುವಳಿಕೆ ಅನ್ನಬಹುದು," ಎಂದಳು. "ಆ ನಲವತ್ತು ನಿಮಿಷಕ್ಕೆ ಏನು ಅನ್ನಬೇಕು ನನಗೆ ಗೊತ್ತಿಲ್ಲ. ನಿನಗೆ ಗೊತ್ತಾ?" ಮೂರು ವಾರ ಕೆಲಸಕ್ಕೆ ಬರಬೇಡ ಎಂದರು. ಆಮೇಲೆ ಮತ್ತೆ ಕರೆದು, ಲಿಖಿತ ಎಚ್ಚರಿಕೆಯ ಪತ್ರ ಕೊಟ್ಟು, ಕೆಲಸದಲ್ಲಿ ಉಳಿಸಿಕೊಂಡರು. ಆ ಪತ್ರವನ್ನು ಓದಿ ನಾನೇ ಸಹಿ ಮಾಡಬೇಕಿತ್ತು. ಬೈಗುಳ ಎಷ್ಟು ಹಗುರ ಎಂದು ಅವತ್ತು ತಿಳಿಯಿತು.

ಅಜ್ಜಾರು ಹ್ಯಾಮಿಲ್ಟನ್ ಆಸ್ಪತ್ರೆಯಲ್ಲಿ ನ್ಯುಮೋನಿಯಾದಿಂದ ನರಳಿ ಉಳಿದುಕೊಂಡರು. ಅವರ ಮಗಳು ಅವರನ್ನು ತೌರಂಗಾ ಊರಿನಲ್ಲಿ ತನ್ನ ಮನೆಯ ಹತ್ತಿರದ ರೆಸ್ಟ್ ಹೋಮ್‌ಗೆ ಸೇರಿಸಿದಳು. ನಾನು ಆಕೆಗೂ ಪತ್ರ ಬರೆದು ಎಲ್ಲ ಹೇಳಿದೆ. ಉತ್ತರ ತಿಂಗಳ ಮೇಲೆ ಬಂತು, ಎರಡೇ ಸಾಲು: ಕ್ಷಮಿಸಿದ್ದೇನೆ ಎಂದು ಈಗಲೇ ಹೇಳಲಾರೆ, ಆದರೆ ಅಪ್ಪ ನಿನ್ನ ದನಿ ಕೇಳಿದರೆ ಖುಷಿಪಡಬಹುದು. ಫೋನ್ ಮಾಡಿದೆ. ಅವರಿಗೆ ನಾನು ಯಾರೆಂದು ತಿಳಿಯಲಿಲ್ಲ. "ನಿಮ್ಮ ಮನೆಯಲ್ಲಿದ್ದೀನಿ ಅಜ್ಜಾರ," ಎಂದೆ.

"ಹಳ್ಳದ ಕಡೆಯ ಗೇಟ್ ಹಾಕಿದ್ದೀಯಾ?"

"ಹಾಕಿದ್ದೀನಿ."

ರಂಗಿ ಹಲವು ವಾರ ನನ್ನೊಂದಿಗೆ ಹೆಚ್ಚು ಮಾತಾಡಲಿಲ್ಲ. ಒಂದು ದಿನ ಬಾಗಿಲಿಗೆ ಬಂದು, "ನೀನೇ ಹೋಗಿ ಹೇಳಿದೆಯಂತೆ," ಎಂದ. ಹೌದು ಎಂದೆ. ತಲೆ ಆಡಿಸಿ, ಒಂದು ಚೀಲ ಕುಮರ ಇಟ್ಟು ಹೋದ. ಕುಮರ ಅಂದರೆ ನಮ್ಮ ಗೆಣಸೇ.

ಬೇಸಿಗೆಗೆ ಗಂಡ, ಮಗಳು ಬಂದರು. ಲವೀನಾ ಪೇಟೆಯಲ್ಲಿ ಬೇರೆ ಮನೆ ಹಿಡಿದಳು. ಭಾನುವಾರಗಳಲ್ಲಿ ಊಟಕ್ಕೆ ಬರುತ್ತಾಳೆ, ಬರುತ್ತೇನೆ ಎಂದ ಹೊತ್ತಿಗೆ ಸರಿಯಾಗಿ. ಅನು ಇಲ್ಲಿಯ ಶಾಲೆಗೆ ಸೇರಿದಳು. ಎರಡನೇ ತಿಂಗಳಿಗೆ ಒಂದು ಹಾಳೆ ತಂದಳು. ಮಾವೊರಿ ಪದ್ಧತಿಯಂತೆ ಇಲ್ಲಿ ಮಕ್ಕಳು ತಮ್ಮನ್ನು ಪರಿಚಯಿಸಿಕೊಳ್ಳುವಾಗ ಮೊದಲು ತಮ್ಮ ಬೆಟ್ಟ, ತಮ್ಮ ಹೊಳೆ ಯಾವುದೆಂದು ಹೇಳುತ್ತಾರೆ, ಹೆಸರು ಕೊನೆಗೆ. ಅದಕ್ಕೆ ಪೆಪೆಹ ಎಂದು ಹೆಸರು.

"ಅವ್ವಾ, ನನ್ನ ರಿವರ್ ಯಾವ್ದು?"

"ಮಲಪ್ರಭಾ ಬರಿ," ಎಂದರು ಅವಳ ಅಪ್ಪ.

ಅನು ಪೆನ್ಸಿಲ್ ಕಚ್ಚಿದಳು. "ಅದು ನಿ‌ಮ್ದು. ಐ ಹ್ಯಾವ್ ನೆವರ್ ಈವನ್ ಟಚ್ಡ್ ಇಟ್."

ಅವಳು ಊರೊಳಗೆ ಹರಿಯುವ ಮಂಗಒಕೆವಾ ಎಂದು ಬರೆದಳು. ನನ್ನ ಗಂಡ ಅವತ್ತೆಲ್ಲ ಮಂಕಾಗಿದ್ದರು. ನಾನು ಅವಳನ್ನು ತಿದ್ದಲಿಲ್ಲ. ಒಳಗೊಳಗೆ ಮಾತ್ರ, ನಾನಾದರೆ ಒಂದು ಕ್ಷಣವೂ ಯೋಚಿಸದೆ ಮಲಪ್ರಭಾ ಅನ್ನುತ್ತಿದ್ದೆ ಎಂದು ಹೆಮ್ಮೆಪಟ್ಟುಕೊಂಡೆ.

ಮೊನ್ನೆ ಮಧ್ಯಾಹ್ನ ಅವ್ವನ ಫೋನ್ ಬಂತು. ಅವಳು ತಮ್ಮನ ಜೊತೆ ಬಾದಾಮಿಯಲ್ಲಿದ್ದಾಳೆ. ಸೊಸೆಯ ಸುದ್ದಿ, ಮೊಣಕಾಲು ನೋವು, ಪಕ್ಕದ ಮನೆಯ ನಿಶ್ಚಿತಾರ್ಥ ಎಲ್ಲ ಹೇಳಿ, "ಈ ಸಲ ಮಳಿ ಚಲೋ ಆತ ನೋಡವಾ," ಎಂದಳು. "ಹೊಳಿ ಎರಡೂ ದಂಡಿ ತುಂಬಿ ಹರಿಯಾಕತ್ತೈತಿ."

ನಾನು ಫೋನ್ ಕಿವಿಗೆ ಹಿಡಿದೇ ಕಿಟಕಿಗೆ ಹೋದೆ. ಪರದೆ ಸರಿಸಿ ಕೆಳಗೆ ಬಂಡೆಯ ಬುಡದ ಹಳ್ಳದ ಕಡೆ ನೋಡಿದೆ. ಕಲ್ಲುಗಳು ತೆರೆದುಕೊಂಡು ಬಿಸಿಲಿಗೆ ಹೊಳೆಯುತ್ತಿದ್ದವು.

"ಇಲ್ಲಬೇ," ಎಂದೆ, "ನಿನ್ನೆ ರಾತ್ರಿನ ಇಳದೈತಿ."

"ಶೋಭಾ," ಎಂದಳು. "ಯಾವ ಹೊಳಿ ಹೇಳಾಕತ್ತಿ ನೀ?"